ಮಾತ್ರೆ ಬಿಡಬೇಡಿ, ಭಾರ ಇಳಿಸಿ

ಶುಗರ್ ಬಂದು ಏಳೆಂಟು ವರ್ಷ ಕಳೆದವರ ಬಾಯಲ್ಲಿ ಒಂದು ಮಾತು ಆಗಾಗ ಕೇಳುತ್ತೇನೆ: “ಸಾಕಾಗಿ ಹೋಯ್ತು.” ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವರು ಹೇಳುತ್ತಾರೆ, ಸುಳ್ಯದಲ್ಲಿ ಮದುವೆಯೂಟಕ್ಕೆ ಪಕ್ಕದ ಎಲೆಯಲ್ಲಿ ಕುಳಿತವರು ಹೇಳುತ್ತಾರೆ, ಕಡಬದ ಕಡೆಯಿಂದ ಫೋನ್ ಮಾಡುವ ನೆಂಟರೂ ಹೇಳುತ್ತಾರೆ. ಮೊಣಕಾಲು ನೋವಿನ ಬಗ್ಗೆ ಅರ್ಧ ಗಂಟೆ ಮಾತಾಡುವವರು ಇದನ್ನು ಮಾತ್ರ ತಗ್ಗಿದ ಸ್ವರದಲ್ಲಿ ಹೇಳಿ, ಕೂಡಲೇ ನಕ್ಕು, ಅಡಿಕೆ ಧಾರಣೆಯ ಕಡೆಗೆ ಮಾತು ತಿರುಗಿಸುತ್ತಾರೆ. ನೀವೂ ಅವರಲ್ಲಿ ಒಬ್ಬರಾದರೆ ಇವತ್ತು ಸ್ವಲ್ಪ ಹೊತ್ತು ಕುಳಿತು ನನ್ನ ಮಾತು ಕೇಳಿ. ನಿಮ್ಮನ್ನು ಬೈಯಲಿಕ್ಕೂ ಉಂಟು, ಅದು ಆಮೇಲೆ.

ನಿಮ್ಮ ಸುಸ್ತು ಸುಳ್ಳಲ್ಲ, ಸೋಮಾರಿತನವೂ ಅಲ್ಲ. ಜ್ವರ ಬಂದರೆ ವಾರದಲ್ಲಿ ಬಿಡುತ್ತದೆ, ಕೈ ಮುರಿದರೆ ಒಂದೂವರೆ ತಿಂಗಳಲ್ಲಿ ಕೂಡುತ್ತದೆ. ಸಕ್ಕರೆ ಕಾಯಿಲೆಗೆ ಭಾನುವಾರವೂ ಇಲ್ಲ, ಹಬ್ಬದ ರಜೆಯೂ ಇಲ್ಲ. ಎದ್ದ ಕೂಡಲೇ ಬೆರಳು ಚುಚ್ಚಬೇಕು. ಊಟಕ್ಕೆ ಮೊದಲಿನ ಮಾತ್ರೆ ಬೇರೆ, ಊಟ ಆದ ಮೇಲಿನದ್ದು ಬೇರೆ. ಅನ್ನ ಎಷ್ಟು ಸೌಟು, ಇವತ್ತು ನಡೆದದ್ದು ಎಷ್ಟು, ಕಾಲ್ಬೆರಳ ಸಂದಿನಲ್ಲಿ ಹುಣ್ಣು ಏನಾದರೂ ಆಗಿದೆಯೋ ಎಂದು ದಿನವಿಡೀ ತಲೆಯಲ್ಲಿ ಲೆಕ್ಕ ಓಡುತ್ತಿರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಮೀಟರಿನಲ್ಲಿ 210 ಬಂದು ಕುಳಿತರೆ ಯಾರಿಗೆ ತಾನೇ ಬೇಸರ ಬಾರದು? ಕಷ್ಟ ಮನುಷ್ಯರಿಗಲ್ಲದೆ ಮರಕ್ಕೆ ಬರುತ್ತದೆಯೇ ಎಂದು ಹಿರಿಯರು ಕೇಳಿದ್ದು ಸುಮ್ಮನೆ ಅಲ್ಲ.

ವೈದ್ಯರೂ ಇದನ್ನು ಒಪ್ಪಿಕೊಂಡು ಬಹಳ ಕಾಲವಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಮತ್ತು ಅವರ ಜೊತೆಗಾರರು 1995ರಲ್ಲಿ ಇದಕ್ಕೆಂದೇ 20 ಪ್ರಶ್ನೆಗಳ ಒಂದು ಪಟ್ಟಿಯನ್ನು ಹೊರತಂದರು. ತಿನ್ನುವ ವಿಷಯದಲ್ಲಿ ಸದಾ ಏನನ್ನೋ ಕಳೆದುಕೊಂಡ ಹಾಗೆ ಅನ್ನಿಸುತ್ತದೆಯೇ, ಮುಂದೆ ಏನಾಗುವುದೋ ಎಂಬ ಹೆದರಿಕೆ ಇದೆಯೇ, ಈ ಕಾಯಿಲೆಯ ಜೊತೆ ನೀವು ಒಬ್ಬರೇ ಒದ್ದಾಡುತ್ತಿದ್ದೀರಿ ಅನ್ನಿಸುತ್ತದೆಯೇ, ದಿನದಿನದ ಆರೈಕೆಯಿಂದ ಬಳಲಿ ಬೆಂಡಾಗಿದ್ದೀರೇ ಎಂದೆಲ್ಲ ಅದರಲ್ಲಿ ಕೇಳುತ್ತಾರೆ. 100ಕ್ಕೆ 40 ಬಂದರೆ ಮನಸ್ಸಿನ ಕಡೆಗೂ ಆರೈಕೆ ಬೇಕು ಎಂದು ಲೆಕ್ಕ. ಸಕ್ಕರೆ ಕಾಯಿಲೆಯ ಸುಸ್ತನ್ನು ಅಳೆಯಲಿಕ್ಕೇ ಒಂದು ಅಳತೆಗೋಲು ಬೇಕಾಯಿತೆಂದರೆ ಎಷ್ಟು ಜನ ಇದನ್ನು ಅನುಭವಿಸುತ್ತಿರಬೇಕು, ನೀವೇ ಯೋಚಿಸಿ. ನಮ್ಮ ದೇಶದಲ್ಲೇ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗಿಂತ ಹೆಚ್ಚು ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿದೆ. ಹಾಗಾಗಿ “ನನಗೆ ಮಾತ್ರ ಹೀಗೆ” ಎಂಬುದನ್ನು ಮೊದಲು ತಲೆಯಿಂದ ತೆಗೆದುಹಾಕಿ.

ಹಾಗೆಯೇ “ಮಾಡಿದ್ದುಣ್ಣೋ ಮಹಾರಾಯ” ಎಂದು ನಿಮಗೆ ನೀವೇ ಹೇಳಿಕೊಳ್ಳುವುದನ್ನೂ ನಿಲ್ಲಿಸಿ. ಅದು ಒಳ್ಳೆಯ ಗಾದೆ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಈ ಕಾಯಿಲೆ ಬರಲು ಊಟವೊಂದೇ ಕಾರಣವಲ್ಲ. ಮನೆತನದಲ್ಲಿ ಇದ್ದದ್ದು, ವಯಸ್ಸು, ತೂಕ, ಹೆಂಗಸರಾದರೆ ಬಸುರಿಯಾಗಿದ್ದಾಗ ಏರಿದ ಸಕ್ಕರೆ, ಹೀಗೆ ಹಲವು ಕೂಡಿ ಬರುತ್ತದೆ. ಸಣ್ಣ ಮಕ್ಕಳಿಗೆ ಬರುವ ಟೈಪ್ 1ರಲ್ಲಂತೂ ಮಗು ತಿಂದ ಮಿಠಾಯಿಯ ಪಾತ್ರವೇ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಕೊಂದುಹಾಕಿರುತ್ತದೆ.

ಇನ್ನು ಬೈಗುಳ.

ಮನಸ್ಸು ಸೋತಾಗ ನೀವು ಏನು ಮಾಡುತ್ತೀರಿ ಎಂದು ನನಗೆ ಗೊತ್ತುಂಟು. ಮೀಟರನ್ನು ಕಪಾಟಿನಲ್ಲಿ ಸೀರೆಗಳ ಹಿಂದೆ ಇಡುತ್ತೀರಿ. ಸ್ಟ್ರಿಪ್ಪಿನ ಡಬ್ಬಿಯ ತಾರೀಕು ಮುಗಿದಿರುತ್ತದೆ. ಬೆಳಗಿನ ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಡಾಕ್ಟರ ಹತ್ತಿರ ಹೋಗಲು ಮೂರು ದಿನ ಇದೆ ಎನ್ನುವಾಗ ಮಾತ್ರ ಪಥ್ಯ ಶುರು: ರಾತ್ರಿ ಗಂಜಿ ಬಿಟ್ಟು ಚಪಾತಿ, ಚಹಾಕ್ಕೆ ಸಕ್ಕರೆ ಇಲ್ಲ, ಹಾಗಲಕಾಯಿ ಪಲ್ಯ. ಖಾಲಿ ಹೊಟ್ಟೆಯ ರಿಪೋರ್ಟ್ ಚೆನ್ನಾಗಿ ಬರುತ್ತದೆ, ಡಾಕ್ಟರು “ಅಡ್ಡಿಯಿಲ್ಲ” ಎನ್ನುತ್ತಾರೆ, ಮನೆಗೆ ಬಂದು ಮತ್ತೆ ಮೊದಲಿನ ಹಾಗೆ. ಯಾರಿಗೆ ಮೋಸ ಮಾಡುತ್ತಿದ್ದೀರಿ ಮಾರಾಯ್ರೆ? ಎಚ್‌ಬಿಎ1ಸಿ ಎಂಬ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿಯನ್ನೇ ಹೇಳಿಬಿಡುತ್ತದೆ. ಮೂರು ದಿನದ ಹಾಗಲಕಾಯಿಗೆ ಅದು ಬಗ್ಗುವುದಿಲ್ಲ.

ಇನ್ನೊಂದು ಕೆಟ್ಟ ಚಾಳಿ, ಒಂದು ದಿನ ತಪ್ಪಿದ್ದಕ್ಕೆ ಎಲ್ಲವನ್ನೂ ಬಿಡುವುದು. ಮದುವೆಯಲ್ಲಿ ಎರಡು ಹೋಳಿಗೆ ತಿಂದಿರಿ. ಆಯಿತು. “ಹೇಗೂ ಕೆಟ್ಟಿತಲ್ಲ” ಎಂದು ಸಂಜೆಗೆ ಹಲ್ವ, ರಾತ್ರಿಗೆ ಪಾಯಸ, ಮರುದಿನ ಮಾತ್ರೆಯೂ ಬೇಡ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ. ಮಳೆಗಾಲದಲ್ಲಿ ಒಂದು ಸಲದ ಬೋರ್ಡೋ ಮದ್ದು ಬಿಡಲಿಕ್ಕೆ ತಪ್ಪಿತೆಂದು ನೀವು ಯಾರೂ ಅಡಿಕೆ ತೋಟವನ್ನೇ ಕಡಿದುಹಾಕಿದವರಲ್ಲ. ಮೋಡ ಸರಿದು ಬಿಸಿಲು ಬಂದ ದಿನ ಕ್ಯಾನು ಎತ್ತಿಕೊಂಡು ಹೊರಡುತ್ತೀರಿ. ನಿಮ್ಮ ದೇಹದ ವಿಷಯದಲ್ಲಿ ಅಷ್ಟು ತಾಳ್ಮೆ ಯಾಕಿಲ್ಲ?

ನಾನು ಹೇಳುವುದು ಇಷ್ಟು: ಭಾರ ಜಾಸ್ತಿಯಾದಾಗ ಕೆಲವನ್ನು ಇಳಿಸಬಹುದು, ಕೆಲವನ್ನು ಇಳಿಸಲೇಬಾರದು. ಯಾವುದು ಯಾವುದು ಎಂದು ತಿಳಿದುಕೊಳ್ಳಿ.

ಇಳಿಸಬಾರದ್ದು ಮಾತ್ರೆ ಮತ್ತು ಇನ್ಸುಲಿನ್. ಎಷ್ಟೇ ಬೇಸರವಿರಲಿ, ಎಷ್ಟೇ ಸಿಟ್ಟಿರಲಿ, ಅದೊಂದು ನಡೆಯುತ್ತಿರಬೇಕು. ಟೈಪ್ 1 ಇರುವ ಮಕ್ಕಳು, ಹರೆಯದವರು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಒಂದೇ ದಿನದಲ್ಲಿ, ಜೀವಕ್ಕೆ ಅಪಾಯವಾಗುತ್ತದೆ. ಹದಿನೇಳರ ಹುಡುಗಿ “ಸಾಕು ನನಗೆ” ಎಂದು ಇನ್ಸುಲಿನ್ ಪೆನ್ನು ಬಿಸಾಡಿದರೆ ಅವಳನ್ನು ಬೈಯಬೇಡಿ. ಸ್ವಲ್ಪ ದಿನ ಆ ಕೆಲಸವನ್ನು ನೀವು ವಹಿಸಿಕೊಳ್ಳಿ. ಡಯಲ್ ತಿರುಗಿಸಿ ಅಳತೆ ಇಡುವುದು, ಸೂಜಿ ಬದಲಾಯಿಸುವುದು, ಪುಸ್ತಕದಲ್ಲಿ ಬರೆಯುವುದು ನಿಮ್ಮದು. ಅವಳು ಚುಚ್ಚಿಕೊಂಡರೆ ಸಾಕು.

ಇಳಿಸಬಹುದಾದದ್ದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ಅದಕ್ಕೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಬೇಕು. ದಿನಕ್ಕೆ ನಾಲ್ಕು ಮಾತ್ರೆ ಇದ್ದರೆ “ಎರಡು ಔಷಧಿ ಸೇರಿದ ಒಂದೇ ಮಾತ್ರೆ ಸಿಗುತ್ತದೆಯೇ” ಎಂದು ಕೇಳಿ. ಅನೇಕ ಸಲ ಸಿಗುತ್ತದೆ. “ನಾನು ದಿನಾ ಬೆರಳು ಚುಚ್ಚಲೇಬೇಕೇ” ಎಂದು ಕೇಳಿ. ಇನ್ಸುಲಿನ್ ಇಲ್ಲದೆ ಮೆಟ್‌ಫಾರ್ಮಿನ್ ಮಾತ್ರ ತೆಗೆದುಕೊಳ್ಳುತ್ತಾ ಸಕ್ಕರೆ ಹತೋಟಿಯಲ್ಲಿರುವ ಎಷ್ಟೋ ಜನರಿಗೆ ಅದರ ಅಗತ್ಯ ಇರುವುದಿಲ್ಲ. ವಯಸ್ಸು ಎಪ್ಪತ್ತು ದಾಟಿದವರು “ನನ್ನ ಎಚ್‌ಬಿಎ1ಸಿ ಎಷ್ಟಿದ್ದರೆ ಸಾಕು” ಎಂದು ಕೇಳಿ. ಎಲ್ಲರಿಗೂ 7ರ ಕೆಳಗೆ ಬರಬೇಕೆಂಬ ನಿಯಮವಿಲ್ಲ. ಹಿರಿಯರಿಗೆ ಸ್ವಲ್ಪ ಸಡಿಲಿಸುತ್ತಾರೆ, ಅವರಿಗೆ ಸಕ್ಕರೆ ಪಕ್ಕನೆ ಇಳಿಯುವುದೇ ದೊಡ್ಡ ಅಪಾಯ. ಮೊಮ್ಮಗನ ವಯಸ್ಸಿನವರಿಗೆ ಇಟ್ಟ ಗುರಿಯ ಹಿಂದೆ ಓಡಿ ಸುಸ್ತಾದವರನ್ನು ನಾನು ನೋಡಿದ್ದೇನೆ.

ಬೆರಳಿನ ವಿಷಯಕ್ಕೆ ಬಂದೆವಲ್ಲ, ಒಂದು ಸಣ್ಣ ಸಂಗತಿ. ಅಡಿಕೆ ಸುಲಿಯುವವರು, ಬೀಡಿ ಕಟ್ಟುವವರು ಬೆರಳ ತುದಿಯ ನಡುವಿಗೇ ಚುಚ್ಚಿಕೊಂಡು ಆಮೇಲೆ ಕೆಲಸ ಮಾಡುವಾಗ ಉರಿ ಎನ್ನುತ್ತಾರೆ. ತುದಿಯ ಬದಿಗೆ ಚುಚ್ಚಿ, ಅಲ್ಲಿ ನೋವು ಕಡಿಮೆ. ದಿನಕ್ಕೊಂದು ಬೆರಳು ಬದಲಾಯಿಸಿ. ಹಲಸಿನ ಹಣ್ಣು ಬಿಡಿಸಿದ ಕೈಯಲ್ಲಿ ಪರೀಕ್ಷೆ ಮಾಡಿ 300 ಬಂತೆಂದು ಎದೆ ಬಡಿದುಕೊಳ್ಳಬೇಡಿ. ಕೈ ತೊಳೆದು, ಒರೆಸಿ, ಮತ್ತೊಮ್ಮೆ ನೋಡಿ.

ಸಂಖ್ಯೆ ನೋಡಿ ನಿಮ್ಮನ್ನೇ ಜರೆದುಕೊಳ್ಳುವುದರಿಂದ ಏನೂ ಪ್ರಯೋಜನವಿಲ್ಲ. ರಾತ್ರಿ ಹಿಡಿಯಷ್ಟೇ ಉಂಡರೂ ಬೆಳಿಗ್ಗೆ 160 ಬಂತು ಎಂದು ಅಳುವವರಿದ್ದಾರೆ. ಬೆಳಗಿನ ಜಾವ ದೇಹ ತಾನಾಗಿ ಕೆಲವು ಹಾರ್ಮೋನುಗಳನ್ನು ಬಿಡುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ತಳ್ಳುತ್ತದೆ. ಅದರಲ್ಲಿ ನಿಮ್ಮ ತಪ್ಪಿಲ್ಲ. ನಿದ್ದೆ ಕೆಟ್ಟರೆ, ಹಲ್ಲಿನಲ್ಲಿ ಕೀವಾದರೆ, ಜ್ವರ ಬಂದರೆ, ಮನೆಯಲ್ಲಿ ಜಗಳವಾದರೆ ಕೂಡ ಏರುತ್ತದೆ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿರುವವರನ್ನು ಸುಡುತ್ತದೆ ಎಂಬುದು ಇಲ್ಲಿ ಅಕ್ಷರಶಃ ನಿಜ. ಕಳವಳದಿಂದ ಸಕ್ಕರೆ ಏರುತ್ತದೆ, ಏರಿದ ಸಕ್ಕರೆ ನೋಡಿ ಮತ್ತೆ ಕಳವಳ. ಪುಸ್ತಕದಲ್ಲಿ ಸಂಖ್ಯೆಯ ಪಕ್ಕ ಎರಡು ಶಬ್ದ ಬರೆಯಿರಿ: “ನಿದ್ದೆ ಇಲ್ಲ”, “ತಡ ಊಟ”, “ಜ್ವರ”. ಡಾಕ್ಟರಿಗೆ ಬರೀ ಸಂಖ್ಯೆಗಿಂತ ಅದು ಹೆಚ್ಚು ಉಪಯೋಗ.

ಊಟದಲ್ಲಿ ಒಂದೇ ಒಂದು ಬದಲಾವಣೆಯಿಂದ ಶುರುಮಾಡಿ. ಕುಚ್ಚಲಕ್ಕಿ ಅನ್ನ ಬಿಡಿ ಎಂದು ನಾನು ಹೇಳುವುದಿಲ್ಲ. ಪುತ್ತೂರು, ಸುಳ್ಯ, ಕಡಬದಲ್ಲಿ ಹುಟ್ಟಿ ಬೆಳೆದವರು ಗಂಜಿ ಬಿಟ್ಟು ಎಷ್ಟು ದಿನ ಇದ್ದಾರು? ಅನ್ನಕ್ಕೆ ಒಂದೇ ಸೌಟನ್ನು ಗುರುತು ಮಾಡಿ ಇಟ್ಟುಕೊಳ್ಳಿ, ಎಷ್ಟು ಸೌಟು ಎಂದು ಡಾಕ್ಟರ ಹತ್ತಿರ ಕೇಳಿ ನಿಶ್ಚಯಿಸಿ, ಎಲೆಯಲ್ಲಿ ಬಸಳೆಯೋ ಅಲಸಂಡೆಯೋ ತೊಂಡೆಯೋ ಹೆಚ್ಚಾಗಲಿ. ಅಷ್ಟು ಅಭ್ಯಾಸವಾಗುವವರೆಗೆ ಬೇರೆ ಯಾವ ನಿಯಮವನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ದೀಪಾವಳಿ ಕಳೆದರೆ ನಮ್ಮಲ್ಲಿ ಚಂಪಾಷಷ್ಠಿ, ನೇಮ, ಸುಳ್ಯ ಜಾತ್ರೆ, ಏಪ್ರಿಲಿನಲ್ಲಿ ಪುತ್ತೂರು ಜಾತ್ರೆ, ನಡುವೆ ಮದುವೆ ಉಪನಯನ, ಪತ್ತನಾಜೆಯವರೆಗೆ ಊಟವೋ ಊಟ. ಎಲ್ಲಿಗೂ ಹೋಗದೆ ಮನೆಯಲ್ಲಿ ಕುಳಿತರೆ ಮನಸ್ಸು ಇನ್ನೂ ಕುಗ್ಗುತ್ತದೆ. ಹೋಗಿ. ಪಂಕ್ತಿಯಲ್ಲಿ ಕುಳಿತುಕೊಳ್ಳಿ. ಸಿಹಿ ಎರಡಿದ್ದರೆ ಒಂದನ್ನು ಆರಿಸಿ, ಸ್ವಲ್ಪ ಹಾಕಿಸಿಕೊಂಡು ರುಚಿ ನೋಡಿ ತಿನ್ನಿ, ಅನ್ನವನ್ನು ಅಷ್ಟು ಕಡಿಮೆ ಮಾಡಿ. ಕದ್ದು ತಿನ್ನುವ ನಾಲ್ಕಕ್ಕಿಂತ ಎಲ್ಲರೆದುರು ತಿನ್ನುವ ಅರ್ಧ ಹೋಳಿಗೆ ಮೇಲು. ಬಿಸಿಲಲ್ಲಿ ಬಂದ ನೆಂಟರಿಗೆ ಬೆಲ್ಲ ನೀರು ಕೊಡುವ ಮನೆಗಳಲ್ಲಿ “ನನಗೆ ಮಜ್ಜಿಗೆ ಕೊಡಿ” ಎನ್ನಲು ಸಂಕೋಚ ಯಾಕೆ?

ಹೆಂಗಸರಿಗೆ ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಮನೆಯವರ, ಆಳುಗಳ ಊಟ ಮುಗಿಸಿ, ಪಾತ್ರೆ ತೊಳೆದು, ಮೂರು ಗಂಟೆಗೆ ಉಣ್ಣುವುದನ್ನು ಬಿಡಿ. ಗಂಡನ ಪಥ್ಯಕ್ಕೆ ಬೇರೆ ಪಲ್ಯ ಮಾಡುತ್ತೀರಿ, ನಿಮ್ಮ ಮಾತ್ರೆ ಹಾಕಿಕೊಂಡು ಹೊಟ್ಟೆ ಖಾಲಿ ಬಿಡುತ್ತೀರಿ. ಗ್ಲಿಮೆಪಿರೈಡ್ ತರದ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಂಡು ಊಟ ತಡ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ಕೈ ನಡುಕ, ಕಣ್ಣು ಕತ್ತಲೆ. ಬೆಳಗಿನ ಕತ್ತಲಲ್ಲಿ ತಲೆಗೆ ಲೈಟು ಕಟ್ಟಿಕೊಂಡು ಬರೀ ಚಹಾ ಕುಡಿದು ರಬ್ಬರ್ ಟ್ಯಾಪಿಂಗಿಗೆ ಹೋಗುವವರಿಗೂ ಇದೇ ಎಚ್ಚರಿಕೆ. ಕಿಸೆಯಲ್ಲಿ ಗ್ಲುಕೋಸ್ ಪುಡಿ ಇರಲಿ. ಹಾಗೆ ಆದಾಗ ಮೂರು ಸಣ್ಣ ಚಮಚ ಗ್ಲುಕೋಸೋ ಸಕ್ಕರೆಯೋ ನೀರಿನಲ್ಲಿ ಕುಡಿದು ಕುಳಿತುಕೊಳ್ಳಿ, 15 ನಿಮಿಷ ಬಿಟ್ಟು ನೋಡಿ, ಸರಿಯಾಗದಿದ್ದರೆ ಮತ್ತೊಮ್ಮೆ, ಆಮೇಲೆ ತಿಂಡಿ. ವೋಗ್ಲಿಬೋಸ್ ಇರುವ ಮಾತ್ರೆಯವರಿಗೆ ಸಕ್ಕರೆ ಬೇಗ ಹಿಡಿಯುವುದಿಲ್ಲ, ಗ್ಲುಕೋಸೇ ಬೇಕು. ಒಮ್ಮೆ ಹೀಗೆ ತಲೆ ತಿರುಗಿ ಬಿದ್ದವರು ಆ ಹೆದರಿಕೆಗೇ ಮಾತ್ರೆ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಗಳಿವೆ.

ಮಳೆಗಾಲದಲ್ಲಿ ನಡಿಗೆ ನಿಂತುಹೋಗುತ್ತದೆ, ಅದರ ಜೊತೆ ಮನಸ್ಸೂ ಮಂಕಾಗುತ್ತದೆ. ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬೀಳಬೇಡಿ. ಜಗಲಿಯಲ್ಲೇ, ಊಟವಾದ ಮೇಲೆ ಹತ್ತು ಹತ್ತು ನಿಮಿಷ ಅತ್ತಿಂದಿತ್ತ ನಡೆದರೂ ಸಕ್ಕರೆಗೆ ಒಳ್ಳೆಯದು. ತೋಟಕ್ಕೆ ಬರಿಗಾಲಲ್ಲಿ ಹೋಗಬೇಡಿ. ಉಂಬಳ ಕಚ್ಚಿದ್ದನ್ನು ತುರಿಸಿ ತುರಿಸಿ ಹುಣ್ಣು ಮಾಡಿಕೊಂಡರೆ ಅದು ಗುಣವಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕರೆಂಟು ಎರಡು ಮೂರು ದಿನ ಹೋದರೆ ಇನ್ಸುಲಿನ್ ಹಾಳಾಯಿತೆಂದು ಕಂಗಾಲಾಗಬೇಡಿ. ಬಳಸಲು ಶುರುಮಾಡಿದ ಬಾಟಲಿ ಬಿಸಿಲು ತಾಗದ ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು ನಡುವೆ ಒದ್ದೆ ಹೊಯಿಗೆ ತುಂಬಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇನ್ಸುಲಿನ್ನನ್ನು ಒಳಗಿಡಿ. ಆದರೆ ಫ್ರೀಜರಿನಲ್ಲಿ ಇಟ್ಟು ಹೆಪ್ಪುಗಟ್ಟಿದ್ದನ್ನು ಬಿಸಾಡಿ.

ಆಟಿ ಅಮಾವಾಸ್ಯೆಗೆ ಹಾಲೆಕೆತ್ತೆಯ ಕಷಾಯ ಕುಡಿಯುವ ಊರು ನಮ್ಮದು, ಕಷಾಯದ ಮೇಲೆ ನಮಗೆ ಪ್ರೀತಿ ಇರುವುದು ಸಹಜ. ಆದರೆ ಮನಸ್ಸು ದಣಿದ ಹೊತ್ತಿನಲ್ಲಿ “ಇದೊಂದು ಬೇರು ತಿಂದರೆ ಮಾತ್ರೆಯೇ ಬೇಡ” ಎನ್ನುವವರ ಮಾತು ಬಹಳ ಸಿಹಿಯಾಗಿ ಕೇಳುತ್ತದೆ. ಅಂಥವರ ಮಾತಿಗೆ ಮಾತ್ರೆ ನಿಲ್ಲಿಸಬೇಡಿ. ಏನಾದರೂ ತೆಗೆದುಕೊಳ್ಳುವುದಿದ್ದರೆ ಡಾಕ್ಟರಿಗೆ ಹೇಳಿಯೇ ತೆಗೆದುಕೊಳ್ಳಿ.

ಇನ್ನು ಮನೆಯವರೇ, ನಿಮಗೂ ಉಂಟು. ಬಡಿಸುವವರ ಎದುರು “ಅವರಿಗೆ ಹಾಕಬೇಡಿ, ಶುಗರ್” ಎಂದು ಪಂಕ್ತಿಗೇ ಕೇಳುವ ಹಾಗೆ ಕೂಗುತ್ತೀರಲ್ಲ, ಅದರಿಂದ ಯಾರ ಸಕ್ಕರೆಯೂ ಇಳಿದದ್ದಿಲ್ಲ. ಆಗ ಹೇಳಿದ ಪೊಲೊನ್ಸ್ಕಿಯವರ ಸಂಸ್ಥೆ ಕಾಯಿಲೆ ಇಲ್ಲದವರಿಗಾಗಿಯೇ ನಡವಳಿಕೆಯ ಒಂದು ಸಣ್ಣ ಕಾರ್ಡು ಮಾಡಿತ್ತು. ಕೇಳದೆ ಊಟದ ಬಗ್ಗೆ ಬುದ್ಧಿ ಹೇಳಬೇಡಿ, ಯಾರದ್ದೋ ಕಾಲು ಕತ್ತರಿಸಿದ ಕಥೆ ಹೇಳಿ ಹೆದರಿಸಬೇಡಿ, ಇದು ಕಷ್ಟದ ಕೆಲಸವೆಂದು ಒಪ್ಪಿಕೊಳ್ಳಿ ಎಂಬಂಥ ಮಾತುಗಳು ಅದರಲ್ಲಿವೆ. ನಮ್ಮ ಚಾವಡಿಗಳಲ್ಲೂ ಅದನ್ನು ತೂಗುಹಾಕಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಗಾದೆಯ ಮೊದಲರ್ಧ ಮಾತ್ರ ಹೇಳಿಕೊಂಡು ತಿರುಗಬೇಡಿ. ಅವರ ಜೊತೆ ನೀವೂ ಅದೇ ಊಟ ಉಣ್ಣಿ, ಸಂಜೆ ಒಟ್ಟಿಗೆ ನಡೆಯಿರಿ, ವಾರದ ಮಾತ್ರೆಗಳನ್ನು ದಿನದ ಡಬ್ಬಿಗಳಿಗೆ ತುಂಬಿಸಿಕೊಡಿ. ಮಗ ಬೆಂಗಳೂರಿನಲ್ಲಿದ್ದರೆ ಫೋನಿನಲ್ಲಿ “ಶುಗರ್ ಎಷ್ಟು” ಎಂದು ಕೇಳುವ ಮೊದಲು “ಹೇಗಿದ್ದೀ ಅಮ್ಮಾ” ಎಂದು ಕೇಳಲಿ.

ಖರ್ಚಿನ ಚಿಂತೆಯೂ ಸಣ್ಣದಲ್ಲ. ಅಡಿಕೆಗೆ ಎಲೆಚುಕ್ಕಿ, ಹಳದಿ ರೋಗ ಬಂದು ಕೈ ಖಾಲಿಯಾದ ವರ್ಷ ಮೊದಲು ನಿಲ್ಲುವುದೇ ಔಷಧಿ. ಹಾಗೆ ಮಾಡಬೇಡಿ. ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಉಚಿತ. ಜನೌಷಧಿ ಅಂಗಡಿಯಲ್ಲಿ ಬೆಲೆ ಬಹಳ ಕಡಿಮೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದೆ, ಮನೆಬಾಗಿಲಿಗೇ ಬಂದು ಸಕ್ಕರೆ, ಬಿಪಿ ನೋಡುತ್ತಾರೆ. ಆಶಾ ಕಾರ್ಯಕರ್ತೆ ಬಂದಾಗ “ಎಲ್ಲ ಸರಿ ಉಂಟು” ಎಂದು ಗೇಟಿನಿಂದಲೇ ಕಳಿಸಬೇಡಿ. ಒಳಗೆ ಕರೆದು ಕೂರಿಸಿ.

ಕೆಲವೊಮ್ಮೆ ಇದು ಕಾಯಿಲೆಯ ಬೇಸರವನ್ನು ದಾಟಿ ಮುಂದೆ ಹೋಗಿರುತ್ತದೆ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ ಅಥವಾ ಬರೀ ನಿದ್ದೆ, ಯಕ್ಷಗಾನವೂ ಬೇಡ ಮೊಮ್ಮಕ್ಕಳೂ ಬೇಡ ಅನ್ನಿಸಿದರೆ ಅದು ಖಿನ್ನತೆ ಇರಬಹುದು. ಅದಕ್ಕೂ ಔಷಧಿ ಉಂಟು, ಗುಣವಾಗುತ್ತದೆ. ಸುಳ್ಯದಲ್ಲಿ ವೈದ್ಯಕೀಯ ಕಾಲೇಜೇ ಇದೆ, ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ತಜ್ಞರು ಯಾವ ದಿನ ಸಿಗುತ್ತಾರೆಂದು ಕೇಳಿಕೊಳ್ಳಿ. ಎದ್ದು ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು, ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಎಂಬ ಯೋಚನೆ ಬಂದರೆ ನಾಳೆಗೆ ಇಡಬೇಡಿ, ಆ ಗಳಿಗೆಯಲ್ಲೇ ಮನೆಯವರನ್ನು ಎಬ್ಬಿಸಿ ಹೇಳಿ. ಮನೆಯವರೇ, ಅಂಥವರನ್ನು ಒಬ್ಬರನ್ನೇ ಬಿಡಬೇಡಿ. ತೋಟದ ವಿಷದ ಔಷಧಿಗೆ ಬೀಗ ಬೀಳಲಿ, ಇನ್ಸುಲಿನ್ ನಿಮ್ಮ ಕೈಯಲ್ಲಿರಲಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿ ಒಂದು ಚೀಟಿ ಬರೆದಿಟ್ಟುಕೊಳ್ಳಿ. ಈ ಕಾಯಿಲೆಯಲ್ಲಿ ನಿಮಗೆ ಅತಿ ಕಷ್ಟವಾಗಿರುವುದು ಯಾವುದು ಎಂದು ಒಂದು ಸಾಲು. ಮಾತ್ರೆ ವಾರದಲ್ಲಿ ಎಷ್ಟು ಸಲ ತಪ್ಪುತ್ತದೆ ಎಂದು ಇನ್ನೊಂದು ಸಾಲು, ಸುಳ್ಳಿಲ್ಲದೆ. ನೀವು ತಪ್ಪಿಸಿದ್ದನ್ನು ಮುಚ್ಚಿಟ್ಟರೆ ಮಾತ್ರೆ ಹಿಡಿಯುತ್ತಿಲ್ಲವೆಂದು ಅವರು ಡೋಸ್ ಏರಿಸುತ್ತಾರೆ, ಆಮೇಲೆ ಸರಿಯಾಗಿ ತೆಗೆದುಕೊಂಡ ದಿನ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಬಾಯಿ ಬಾರದಿದ್ದರೆ ಬೇಡ, ಚೀಟಿಯನ್ನೇ ಮೇಜಿನ ಮೇಲೆ ಇಡಿ, ಅವರು ಓದಿಕೊಳ್ಳುತ್ತಾರೆ.